ಮಾವ ಬಿಟ್ಟುಹೋದ ಎರಡು ಕ್ಯೂಬಿಸ್ಟ್ ಪ್ರಿಂಟು: ಒರಿಜಿನಲ್ಲಾ, ಕಾಪಿಯಾ, ಎರಡೂ ಅಲ್ವಾ?

ಅಡಿಕೆಚಪ್ಪರ, ಶಿರಸಿ:
ಎಲ್ರಿಗೂ ನಮಸ್ಕಾರ. ನಂಗೂ ಚಿತ್ರಕಲೆಗೂ ಅಷ್ಟಕ್ಕಷ್ಟೇ, ಆದ್ರೆ ಈಗೊಂದು ಫಜೀತಿ ಬಂದು ಕೂತಿದೆ. ನನ್ನ ಸೋದರಮಾವ ಮರ್ಚೆಂಟ್ ನೇವಿಲಿ ಇದ್ದೋರು, ರಿಟೈರ್ ಆದ್ಮೇಲೆ ಮುಂಬೈಲೇ ಉಳ್ಕೊಂಡಿದ್ರು, ಹೋದ ವರ್ಷ ತೀರ್ಕೊಂಡ್ರು. ಮನೆ ಖಾಲಿ ಮಾಡುವಾಗ ಅತ್ತೆ "ಇದನ್ನ ನೀನೇ ಇಟ್ಕೋ ತಮಾ, ನಂಗೆ ತಲೆಬುಡ ತಿಳಿಯೂದಿಲ್ಲ" ಅಂತ ಎರಡು ಚಿತ್ರ ಕೊಟ್ರು. ಒಂದು ಫ್ರೇಮ್ ಹಾಕಿದ್ದು, ಗಿಟಾರು, ನ್ಯೂಸ್ ಪೇಪರು, ಗ್ಲಾಸು ಎಲ್ಲ ತುಂಡು ತುಂಡು ಮಾಡಿ ಮತ್ತೆ ಜೋಡಿಸಿದ ಹಾಗೆ ಇದೆ, ಈ ಶೈಲಿಗೆ ಕ್ಯೂಬಿಸಂ ಅಂತಾರಂತೆ, ಕೆಳಗೆ ಪೆನ್ಸಿಲಲ್ಲಿ ಹುವಾನ್ ಗ್ರಿಸ್ ಅಂತ ಸಹಿ, ಈ ಕಡೆ 142/300 ಅಂತ ನಂಬರು. ಇನ್ನೊಂದು ಫ್ರೇಮ್ ಇಲ್ದೇ ರಟ್ಟಿನ ಕೊಳವೆಲಿ ಸುತ್ತಿಟ್ಟಿದ್ದು, ಹೂಜಿ, ನಿಂಬೆಹಣ್ಣು, ಮೇಜು, ಕಪ್ಪು ಮತ್ತೆ ಕಾವಿ ಬಣ್ಣ. ಸಹಿ ಇಲ್ಲ ನಂಬರಿಲ್ಲ, ನಟ್ಟನಡು ಒಂದು ಮಡಿಕೆ ಗೆರೆ, ಹಿಂದೆ ಫ್ರೆಂಚಲ್ಲಿ ಉದ್ದಕ್ಕೆ ಬರ್ದಿದ್ದು ಬ್ರಾಕ್ ಅನ್ನೋ ಹೆಸರು ಮಾತ್ರ ಓದೂಕೆ ಆಯ್ತು.

ಸಹಿ ಇರೋದಕ್ಕೆ ಲಕ್ಷಗಟ್ಲೆ ಬೆಲೆ ಅಂತ ಭಾವ ಹೇಳ್ತಾನೆ. ಅಮ್ಮ ಒಡೆದ ಕನ್ನಡಿ ಮನೇಲಿ ಇಡಬಾರ್ದು ಅಂತಿದ್ದಾಳೆ. ಗೊತ್ತಿದ್ದೋರು ಸ್ವಲ್ಪ ಹೇಳ್ರೋ.

ಯಾಣದ ಬಂಡೆ:
ಯಂಗ್ಳ ಮನೇಲೂ ಒಂದು ಇದ್ದು ಮಾರಾಯ, ಸಹಿನೂ ಇದ್ದು, ಪಂಚಾಯ್ತಿ ಸೆಕ್ರೆಟರಿದು 😄

ಕಾಳಿನದಿ, ಕಾರವಾರ:
ನಾನು ಹುಬ್ಬಳ್ಳಿಲಿ 22 ವರ್ಷ ಆಫ್‌ಸೆಟ್ ಪ್ರೆಸ್ಸಲ್ಲಿ ಮಷಿನ್ ನಡ್ಸಿದವ, ಈಗ ಊರಲ್ಲಿದ್ದೇನೆ, ಪ್ರಿಂಟ್ ಕೂಡಿಡೋ ಹುಚ್ಚು ಆವಾಗ್ಲೇ ಹತ್ತಿದ್ದು. ತಮಾ, ಸಹಿ ನೋಡೂದು ಬಿಡು. ಸಹಿ ಕೊನೆಗೆ. ಮೊದ್ಲು ಸೊನಗಾರರ ಅಂಗಡಿಗೆ ಹೋಗಿ 10 ಪಟ್ಟಿನ ಲೂಪ್, ಅಂದ್ರೆ ಸಣ್ಣ ಭೂತಕನ್ನಡಿ, ಒಂದು ಕೇಳು, ಅರ್ಧ ಗಂಟೆಗೆ ಕೊಡ್ತಾರೆ. ಗ್ರಿಸ್ ಚಿತ್ರದಲ್ಲಿ ತೆಳು ಬಣ್ಣ ಇರೋ ಜಾಗ, ಬೂದಿ ಅಥವಾ ಚರ್ಮದ ಬಣ್ಣ ಇದ್ದಲ್ಲಿ, ಲೂಪ್ ಇಟ್ಟು ನೋಡು. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಣ್ಣ ಹೂವಿನ ಹಾಗೆ ಸುತ್ತ ಕೂತಿದ್ರೆ ಅದು ನಾನು ದಿನಾ ಹೊಡೀತಿದ್ದ ಮಾಲೇ, ಕ್ಯಾಲೆಂಡರು, ಮದುವೆ ಕಾಗದ, ಬಿಸ್ಕಿಟ್ ಪೊಟ್ಟಣ ಎಲ್ಲ ಅದೇ. ಚುಕ್ಕಿ ಸಾಲಲ್ಲಿ ಇಲ್ದೇ, ಒರಟು ಕಲ್ಲಿನ ಮೇಲೆ ಬಳಪ ಎಳೆದ ಹಾಗೆ ಅಡ್ಡಾದಿಡ್ಡಿ ಕಾಳುಕಾಳಾಗಿ ಇದ್ದು, ಒಂದೊಂದು ಬಣ್ಣನೂ ಬೇರೆ ಬೇರೆ ಇಂಕ್ ಅಂತ ಕಂಡ್ರೆ ಲಿಥೋ, ಅಂದ್ರೆ ಕಲ್ಲಿನ ಮೇಲೆ ಬರೆದು ತೆಗೆದ ಅಚ್ಚು. ಈಗಿನ ಇಂಕ್‌ಜೆಟ್ ಆದ್ರೆ ಹೂವೂ ಇಲ್ಲ ಕಾಳೂ ಇಲ್ಲ, ನುಸಿ ಹಾಗೆ ಸಣ್ಣ ಹನಿ ಎರಚಿದ್ದು ಕಾಣ್ತದೆ.

ಎರಡನೇದು ಏನು ಅಂತ ನಂಗೆ ಒಂದು ಅಂದಾಜು ಬಂದಾಯ್ತು, ಆದ್ರೆ ಅಳತೆ ಹೇಳು ಮೊದ್ಲು.

ಮಿರ್ಜಾನ್ ಕೋಟೆ, ಕುಮಟಾ:
ಇನ್ನೊಂದು ಸುಲಭದ ಲೆಕ್ಕ. ಹುವಾನ್ ಗ್ರಿಸ್ ತೀರ್ಕೊಂಡಿದ್ದು 1927ರಲ್ಲಿ, ಆಗಷ್ಟೇ ನಲವತ್ತು ವರ್ಷ ತುಂಬಿತ್ತು. ನಿಮ್ಮ ಪ್ರಿಂಟು ಅದಕ್ಕಿಂತ ಆಮೇಲಿಂದು ಅಂತ ಗೊತ್ತಾದ್ರೆ ಪೆನ್ಸಿಲ್ ಸಹಿ ಯಾರ್ದು ಅಂತ ನೀವೇ ಯೋಚ್ನೆ ಮಾಡಿ. ಉಳಿದ ಕ್ಯೂಬಿಸ್ಟ್ ಚಿತ್ರಕಾರರು ತೀರ್ಕೊಂಡಿದ್ದು ಲೆಗರ್ 1955, ಬ್ರಾಕ್ 1963, ಪಿಕಾಸೊ 1973. ಈ ನಾಲ್ಕು ಇಸವಿ ಬಾಯಿಪಾಠ ಇದ್ರೆ ಆನ್‌ಲೈನಲ್ಲಿ ಅರ್ಧ ಮೋಸ ತಪ್ತದೆ.

ನಾನು ಡ್ರಾಯಿಂಗ್ ಟೀಚರ್, ಹೀಗೆಲ್ಲ ಹೇಳ್ತಿದ್ದೇನೆ ಆದ್ರೆ ನಾನೇ ಒಂದ್ಸಲ ಬಿದ್ದವಳು. ಮೂರು ವರ್ಷದ ಹಿಂದೆ ಒಬ್ಬ ಆನ್‌ಲೈನ್ ಮಾರಾಟದವ "ಪಿಕಾಸೊ ಲಿಥೋಗ್ರಾಫ್, ಎಸ್ಟೇಟ್ ಸೈನ್ಡ್" (ವಾರಸುದಾರರ ಸಹಿ ಇರೋದು) ಅಂತ ಹಾಕಿದ್ದ, 18 ಸಾವಿರ ಕೊಟ್ಟೆ. ಬಂದಿದ್ದು ನುಣ್ಣನೆ ಹೊಳೆಯೋ ಪೇಪರಲ್ಲಿ ಪೋಸ್ಟರು, ಸಹಿ ಕೂಡ ಪ್ರಿಂಟೇ, ಬೆರಳಲ್ಲಿ ಸವರಿದ್ರೆ ಎಂತದೂ ತಾಗೂದಿಲ್ಲ. ಫೋನ್ ಮಾಡಿದ್ರೆ "ಮೇಡಂ ಲಿಥೋ ಅಂದ್ರೆ ಆಫ್‌ಸೆಟ್ ಲಿಥೋನೇ ಅಲ್ವಾ" ಅಂದ! ಮಾತಿನ ಲೆಕ್ಕದಲ್ಲಿ ಸುಳ್ಳಲ್ಲ ನೋಡಿ, ಅದೇ ಹೊಟ್ಟೆ ಉರಿಯೋದು. ನಿಜವಾದ ಎಸ್ಟೇಟ್ ಪ್ರಿಂಟು ಅಂತಲೂ ಇದೆ, ಪಿಕಾಸೊ ಮೊಮ್ಮಗಳು ಮರೀನಾ ತನ್ನ ಪಾಲಿಗೆ ಬಂದ ಚಿತ್ರಗಳಿಂದ 1979ರಿಂದ 82ರ ಹೊತ್ತಿಗೆ ಲಿಥೋ ಮಾಡ್ಸಿದ್ದು, ಅದಕ್ಕೆ ಸಹಿ ಹಾಕಿದ್ದು ಮರೀನಾ, ಪಿಕಾಸೊ ಅಲ್ಲ. ಅದು ಅಜ್ಜ ಹೋದ್ಮೇಲೆ ಮೊಮ್ಮಗಳು ಮಾಡ್ಸಿದ್ದು ಅಂತ ಗೊತ್ತಿದ್ದೇ ತಗೊಂಡ್ರೆ ಏನೂ ತಪ್ಪಿಲ್ಲ.

ಗೋಕರ್ಣದ ಗಾಳಿ:
ಒಂದು ದಡ್ಡ ಪ್ರಶ್ನೆ. ಚಿತ್ರ ಬರೆದವ ಸತ್ತಿದ್ದಾನೆ, ಪ್ರಿಂಟು ಮಾಡಿದವ ಬೇರೆ, ಅಂದ್ಮೇಲೆ ಅದು ಜೆರಾಕ್ಸೇ ತಾನೆ? ಚಂದ ಜೆರಾಕ್ಸು. ಅದನ್ನ ದುಡ್ಡು ಕೊಟ್ಟು ಯಾಕೆ ಕೂಡಿಡ್ತೀರಿ ಅಂತ.

ಕಾಳಿನದಿ, ಕಾರವಾರ:
ದಡ್ಡ ಪ್ರಶ್ನೆ ಅಲ್ಲ, ಇದೇ ಪ್ರಶ್ನೆ. ಸ್ವಲ್ಪ ಉದ್ದ ಆಗ್ತದೆ, ಮಳೆ ಬರ್ತಾ ಇದೆ, ಕರೆಂಟ್ ಇರೋವರೆಗೆ ಟೈಪ್ ಮಾಡ್ತೇನೆ.

ನಿಮ್ಮಜ್ಜನ ಮನೆ ಜಗುಲಿಲಿ ರವಿವರ್ಮನ ಲಕ್ಷ್ಮಿಯೋ ಸರಸ್ವತಿಯೋ ಇತ್ತಲ್ಲ? ನಮ್ಮ ಜಿಲ್ಲೆಲಿ ಇಲ್ದಿರೋ ಹಳೇ ಮನೆ ಇಲ್ಲ. ಅದನ್ನ ರವಿವರ್ಮ ಬರೆದದ್ದಾ? ಎಣ್ಣೆ ಬಣ್ಣದ ಮೂಲ ಚಿತ್ರ ಅವರದ್ದು. ನಿಮ್ಮ ಜಗುಲಿಗೆ ಬಂದದ್ದು 1894ರಲ್ಲಿ ಮುಂಬೈಲಿ ಶುರುವಾದ ಅವರ ಪ್ರೆಸ್ಸಿಂದು, ಅಲ್ಲಿ ಜರ್ಮನಿಯ ಕೆಲಸಗಾರರು ಆ ಚಿತ್ರ ನೋಡ್ಕೊಂಡು ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಅಂತ ಕೈಯಲ್ಲೇ ಬರೆದು ಒಂದರ ಮೇಲೊಂದು ಅಚ್ಚು ಹಾಕಿದ್ದು. ಅದು ಜೆರಾಕ್ಸಲ್ಲ, ಅಸಲಿ ಚಿತ್ರನೂ ಅಲ್ಲ. ಫ್ರೆಂಚಲ್ಲಿ ಇಂಥದ್ದಕ್ಕೆ "ದಾಪ್ರೆ" ಅಂತಾರೆ, ಇಂಥವರ ಚಿತ್ರ ನೋಡಿ ಮಾಡಿದ್ದು ಅಂತ ಅರ್ಥ. ಲಿಸ್ಟಲ್ಲಿ "ಆಫ್ಟರ್ ಪಿಕಾಸೊ", "ಆಫ್ಟರ್ ಬ್ರಾಕ್" ಅಂತ ಬರೆದಿರ್ತಾರೆ, ಪಿಕಾಸೊ ಆದ್ಮೇಲೆ ಅಂತಲ್ಲ ಅದು.

ಈಗ ಕ್ಯೂಬಿಸಂಗೆ ಬನ್ನಿ. ಪಿಕಾಸೊ, ಬ್ರಾಕ್ ತಾವೇ ಪ್ಲೇಟ್ ಗೀರಿ ಮಾಡಿದ ಅಸಲಿ ಕ್ಯೂಬಿಸ್ಟ್ ಪ್ರಿಂಟು ಬಹಳ ಕಮ್ಮಿ. 1911ರಲ್ಲಿ ಕಾನ್‌ವೈಲರ್ ಅನ್ನೋ ವ್ಯಾಪಾರಿ ಹಚ್ಚಿಕೊಟ್ಟು ಇಬ್ಬರ ಹತ್ರನೂ ಒಂದೊಂದು ದೊಡ್ಡ ಡ್ರೈಪಾಯಿಂಟ್ (ತಗಡಿನ ಮೇಲೆ ಸೂಜಿಲಿ ಗೀರಿ ತೆಗೆಯೋ ಅಚ್ಚು) ಮಾಡ್ಸಿದ, ಬ್ರಾಕಿಂದು "ಫಾಕ್ಸ್" ಅಂತ, ನರಿ ಅಲ್ಲ, ಅದೊಂದು ಬಾರಿನ ಹೆಸರು. ತಲಾ 100 ಪ್ರತಿ. ಅದೆಲ್ಲ ನಮ್ಮಂಥೋರ ಕೈಗೆ ಬರೂದಲ್ಲ. ಹಾಗಾಗಿ ಕೂಡಿಡೋರು ಹೆಚ್ಚಿನವರು ಬರೋದು ದಾಪ್ರೆ ಕಡೆಗೇ.

ಅದ್ರಲ್ಲಿ ರಾಜ ಅಂದ್ರೆ ಜಾಕ್ ವಿಯೋಂ. ಮಾರ್ಸೆಲ್ ದುಶಾಂ ಅಂತ ಹೆಸರಾಂತ ಫ್ರೆಂಚ್ ಕಲಾವಿದ ಗೊತ್ತಲ್ಲ, ಅವನ ಅಣ್ಣ, ಹಳೇ ಕವಿಯೊಬ್ಬನ ಹೆಸರು ಇಟ್ಕೊಂಡಿದ್ದ. ಇವನೂ ಸ್ವತಃ ಕ್ಯೂಬಿಸ್ಟೇ, 1912ರ ಸೆಕ್ಷನ್ ದೋರ್ ಪ್ರದರ್ಶನ ಕಟ್ಟಿದ್ದ ಗುಂಪು ಸೇರ್ತಿದ್ದದ್ದೇ ಇವನ ಸ್ಟುಡಿಯೋದಲ್ಲಿ. ಆದ್ರೆ ಚಿತ್ರ ಮಾರಿ ಹೊಟ್ಟೆ ತುಂಬಬೇಕಲ್ಲ, 1922ರಿಂದ ಸುಮಾರು 1930ರವರೆಗೆ ಪ್ಯಾರಿಸಿನ ಬೆರ್ನ್‌ಹೈಮ್ ಜೂನ್ ಗ್ಯಾಲರಿಗೆ ಬೇರೆಯವರ ಚಿತ್ರಗಳನ್ನ ಕಲರ್ ಅಕ್ವಾಟಿಂಟಲ್ಲಿ ಮಾಡಿಕೊಟ್ಟ, ಮೂವತ್ತಕ್ಕೂ ಹೆಚ್ಚು, ಒಂದೊಂದು ಸಾಮಾನ್ಯವಾಗಿ 200 ಪ್ರತಿ. ಮತೀಸ್, ಪಿಕಾಸೊ, ಬ್ರಾಕ್, ಲೆಗರ್, ಗ್ಲೇಜ್ ಎಲ್ಲ ಇದ್ದಾರೆ. ಕೆಲವಕ್ಕೆ ಮೂಲ ಚಿತ್ರಕಾರನ ಸಹಿ, ವಿಯೋಂ ಸಹಿ ಎರಡೂ ಇರ್ತದೆ. ಒಬ್ಬ ಕ್ಯೂಬಿಸ್ಟ್ ಇನ್ನೊಬ್ಬ ಕ್ಯೂಬಿಸ್ಟನ ಚಿತ್ರನ ತಾಮ್ರದ ತಗಡಿನ ಮೇಲೆ ಮೊದಲಿಂದ ಕಟ್ಟೂದು ಅಂದ್ರೆ ಯಾವ ಗೆರೆ ಯಾಕಿದೆ ಅಂತ ತಿಳ್ಕೊಂಡೇ ಕಟ್ಟಬೇಕು, ಅದನ್ನ ಜೆರಾಕ್ಸ್ ಅಂದ್ರೆ ನಂಗೆ ಸಿಟ್ಟು ಬರ್ತದೆ ಅಷ್ಟೇ.

ಕರೆಂಟ್ ಹೋಯ್ತು. ನಾಳೆ.

ಗೋಕರ್ಣದ ಗಾಳಿ:
ಅಕ್ವಾಟಿಂಟ್ ಅಂದ್ರೆ ಎಂತದು ಅದನ್ನೂ ಹೇಳಿ ಹಾಗಾದ್ರೆ. ನೀರ್‌ಬಣ್ಣವಾ?

ಕಾಳಿನದಿ, ಕಾರವಾರ:
ನೀರೂ ಇಲ್ಲ ಬಣ್ಣನೂ ಇಲ್ಲ. ಆಟದಲ್ಲಿ ರಾಕ್ಷಸ ವೇಷ ರಂಗಕ್ಕೆ ಬರುವಾಗ ದೊಂದಿಗೆ ರಾಳದ ಪುಡಿ ಎರಚ್ತಾರಲ್ಲ, ಭುಗ್ ಅಂತ ಬೆಂಕಿ ಏಳ್ತದೆ. ಅದೇ ರಾಳ. ಅದನ್ನ ನುಣ್ಣಗೆ ಪುಡಿ ಮಾಡಿ ತಾಮ್ರದ ಪ್ಲೇಟ್ ಮೇಲೆ ಉದುರಿಸಿ, ಅಡಿಯಿಂದ ಕಾಯ್ಸಿದ್ರೆ ಕಾಳು ಕರಗಿ ಅಂಟಿಕೊಳ್ತದೆ. ಆಮೇಲೆ ಆಸಿಡ್ಡಿಗೆ ಹಾಕಿದ್ರೆ ರಾಳ ಕೂತ ಜಾಗ ಬಿಟ್ಟು ಸಂದಿ ಸಂದಿಯೆಲ್ಲ ತಿಂದು ಹಾಕ್ತದೆ, ಆ ಸಂದಿಲಿ ಇಂಕ್ ನಿಲ್ತದೆ. ಹೆಚ್ಚು ಹೊತ್ತು ಬಿಟ್ರೆ ಗಾಢ ಬಣ್ಣ, ಬೇಗ ತೆಗೆದ್ರೆ ತೆಳು. ಬಣ್ಣ ಬದಲಾದ ಹಾಗೆ ಪ್ಲೇಟ್ ಬದಲು, ಒದ್ದೆ ಮಾಡಿದ ಕಾಗದ ಅದೇ ಜಾಗಕ್ಕೆ ಕೂದಲೆಳೆ ತಪ್ಪದೆ ಮತ್ತೆ ಬರಬೇಕು. ಹೀಗೆ ಕೂರ್ಸೋ ರಿಜಿಸ್ಟ್ರೇಶನ್ ಅಂದ್ರೆ ಏನು ಕಷ್ಟ ಅಂತ ಮಷಿನ್ ಇದ್ದೂ ನಮಗೆ ಗೊತ್ತು, ಅವರು ಕೈಯಲ್ಲಿ ಮಾಡಿದ್ದು.

ನನ್ನ ಹತ್ರ ವಿಯೋಂದು ಒಂದಿದೆ. ಹೆಮ್ಮೆ ಪಡೋಂಥದ್ದಲ್ಲ, ಅಂಚೆಲ್ಲ ಕತ್ತರಿಸಿದ್ದು, ಬಿಸಿಲಿಗೆ ನೀಲಿ ಹೋಗಿದ್ದು, ಸಹಿ ಇದ್ದ ಜಾಗನೇ ಕತ್ತರಿಸಿಬಿಟ್ಟಿದ್ದಾರೆ ಪುಣ್ಯಾತ್ಮರು. ಅದಕ್ಕೇ ನನ್ನ ಕೈಗೆ ಎಟುಕಿದ್ದು. ಆದ್ರೂ ಲೂಪ್ ಇಟ್ರೆ ಚಿರೋಟಿ ರವೆ ಹರವಿಟ್ಟ ಹಾಗೆ ಕಾಣ್ತದೆ, ಒಂದು ಕಾಳಿನ ಹಾಗೆ ಇನ್ನೊಂದಿಲ್ಲ. ಕಪ್ಪು ಗೆರೆ ಮೇಲೆ ಉಗುರು ಮೆಲ್ಲಗೆ ತಾಗ್ಸಿದ್ರೆ ಇಂಕ್ ಎದ್ದು ನಿಂತಿರೂದು ತಿಳೀತದೆ. ರಾತ್ರಿ ಊಟ ಆದ್ಮೇಲೆ ಟಾರ್ಚ್ ಅಡ್ಡ ಹಿಡಿದು ನೋಡ್ತಾ ಕೂರ್ತೇನೆ, ಹೆಂಡತಿ ಬೈತಾಳೆ.

ಯಾಣದ ಬಂಡೆ:
ತಾಳಮದ್ದಲೆ ಲೆಕ್ಕದಲ್ಲಿ ಹೇಳೂದಾದ್ರೆ ಪ್ರಸಂಗ ಬರೆದ ಕವಿ ಒಬ್ಬ, ಪದ ಹೇಳೂ ಭಾಗವತ ಒಬ್ಬ. ನಾವು ಹೋಗೂದು ಭಾಗವತರ ಹೆಸರು ಕೇಳಿ.

ಗೋಕರ್ಣದ ಗಾಳಿ:
ಹೋಲಿಕೆ ಅರ್ಧ ಸರಿ. ಯಾವ ಭಾಗವತರೂ ಪ್ರಸಂಗದ ಕೆಳಗೆ ಕವಿ ಸಹಿ ತಾವೇ ಹಾಕಿ ಮಾರೂದಿಲ್ಲ.

ಮಿರ್ಜಾನ್ ಕೋಟೆ, ಕುಮಟಾ:
ಒಪ್ಪಿದೆ. ಆದ್ರೆ ಅಸಲಿ ನಕಲಿ ಅಂತ ಗೆರೆ ಎಳೆಯೋದಕ್ಕೆ ಕ್ಯೂಬಿಸ್ಟರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿ ಇರೋ ಒಂದು ಚಿತ್ರ ಮಾಡ್ದ, ಆ ಬೆತ್ತದ ನೇಯ್ಗೆ ಅವನು ಬರೆದದ್ದೂ ಅಲ್ಲ, ನಿಜವಾದ ಬೆತ್ತನೂ ಅಲ್ಲ, ಅಂಗಡಿಲಿ ಸಿಗೋ ಮೇಣಬಟ್ಟೆ, ಅದರ ಮೇಲೆ ಬೆತ್ತದ ನೇಯ್ಗೆ ಪ್ರಿಂಟ್ ಆಗಿರೋದು. ನಮ್ಮ ಕಡೆ ಊಟದ ಮೇಜಿಗೆ ಹಾಸ್ತೇವಲ್ಲ ಹೂವಿನ ಪ್ರಿಂಟಿನ ರೆಕ್ಸಿನ್ನು, ಆ ಜಾತಿ. ಅದೇ ವರ್ಷ ಬ್ರಾಕ್ ಒಂದು ಅಂಗಡಿಲಿ ಮರದ ಎಳೆ ಥರ ಪ್ರಿಂಟ್ ಆಗಿದ್ದ ಗೋಡೆ ಕಾಗದ ಕಂಡು ತಂದು ಕತ್ತರಿಸಿ ಚಿತ್ರಕ್ಕೆ ಅಂಟಿಸ್ದ. ಅಂದ್ರೆ ಈಗ ಮ್ಯೂಸಿಯಮ್ಮಲ್ಲಿ ಗಾಜಿನೊಳಗೆ ಇರೋ "ಅಸಲಿ" ಒಳಗೇ ಮಷಿನ್ ಪ್ರಿಂಟು ಕೂತಿದೆ.

ಬ್ರಾಕಿನ ಅಪ್ಪ ಮನೆಗಳಿಗೆ ಪೇಂಟ್ ಮಾಡೋ ಕಂಟ್ರಾಕ್ಟರು, ಮಗನೂ ಅದೇ ಕೆಲಸ ಕಲಿತು ಬಂದವ. ಶಿರಸಿ ಕಡೆ ಹಳೇ ಮನೆ ಬಾಗಿಲಿಗೆ ಮೊದ್ಲು ಹಳದಿ ಬಳಿದು, ಮೇಲೆ ಕಂದು ಬಣ್ಣ ಹಚ್ಚಿ ಹಸಿ ಇದ್ದಾಗ್ಲೇ ಬಾಚಣಿಗೆ ಎಳೆದು ಸಾಗವಾನಿ ಎಳೆ ಬರ್ಸ್ತಿದ್ರಲ್ಲ ಪೇಂಟರ್‌ಗಳು? ಬ್ರಾಕ್ ಆ ಬಾಚಣಿಗೆ ವಿದ್ಯೆನೇ ಪಿಕಾಸೊಗೆ ಕಲಿಸಿದ್ದು. ಕ್ಲಾಸಲ್ಲಿ ಇದನ್ನ ಹೇಳಿದಾಗ ಒಬ್ಬ ಹುಡುಗ "ಟೀಚರ್ ನಮ್ಮಪ್ಪನೂ ಮಾಡ್ತಾರೆ" ಅಂದ, ಅವತ್ತಿಂದ ಆ ಕ್ಲಾಸಿಗೆ ಕ್ಯೂಬಿಸಂ ಅಂದ್ರೆ ಹೆದರಿಕೆ ಹೋಯ್ತು.

ಟಾಗೋರ್ ಕಡಲತೀರ ಅಂತ ಹೆಮ್ಮೆ ಪಡೋ ಕಾರವಾರದವರಿಗೆ ಒಂದು ಮಾತು. ರವೀಂದ್ರರ ಅಣ್ಣ ನಿಮ್ಮೂರಲ್ಲಿ ಜಡ್ಜ್ ಆಗಿದ್ದಾಗ ಅವರು ಬಂದಿದ್ದು ಎಲ್ರಿಗೂ ಗೊತ್ತು, ಅದೇ ಮನೆತನದ ಗಗನೇಂದ್ರನಾಥ ಟಾಗೋರ್ 1920ರ ದಶಕದಲ್ಲೇ ಕಲ್ಕತ್ತಾದಲ್ಲಿ ಕ್ಯೂಬಿಸಂ ಕೈಗೆತ್ತಿಕೊಂಡವರು. ಅದಕ್ಕೂ ಮೊದ್ಲು ವ್ಯಂಗ್ಯಚಿತ್ರಗಳನ್ನ ಲಿಥೋ ಮಾಡ್ಸಿ ಆಲ್ಬಂ ತಂದಿದ್ರು. ಕೂಡಿಡೋ ಹುಚ್ಚಿದ್ದೋರು ಆ ಕಡೆನೂ ಸ್ವಲ್ಪ ನೋಡಿ.

ಅಡಿಕೆಚಪ್ಪರ, ಶಿರಸಿ:
ಅಳತೆ ತಗೊಂಡೆ. ಬ್ರಾಕ್ ಇರೋದು 38 ಸೆಂಟಿಮೀಟರ್ ಎತ್ತರ, ಅಗಲ ಪೂರ್ತಿ ಬಿಡಿಸಿದ್ರೆ 56. ಲೂಪಲ್ಲಿ ಹೂವು ಕಾಣ್ಲಿಲ್ಲ, ಕಾವಿ ಬಣ್ಣದಲ್ಲಿ ಕಾಳು ಕಾಳು ಇದೆ. ಗ್ರಿಸ್ ನೋಡೋಕೆ ಆಗ್ಲಿಲ್ಲ, ಗಾಜು ಅಡ್ಡ. ಮಡಿಕೆ ಗೆರೆನ ಇಸ್ತ್ರಿ ಹಾಕಿ ತೆಗಿಬೌದಾ?

ಕಾಳಿನದಿ, ಕಾರವಾರ:
ಇಸ್ತ್ರಿ ಹಾಕಿದ್ರೆ ನಾನೇ ಬಸ್ ಹತ್ತಿ ಬಂದು ಹೊಡೀತೇನೆ!! ಆ ಮಡಿಕೆನೇ ಅದರ ಜಾತಕ. ಪ್ಯಾರಿಸಿನ ಮೇಗ್ ಗ್ಯಾಲರಿ 1946ರಿಂದ 1982ರವರೆಗೆ "ದೆರಿಯೆರ್ ಲ ಮಿರ್ವಾರ್" ಅಂತ ಒಂದು ಪತ್ರಿಕೆ ತರ್ತಿತ್ತು, ಕನ್ನಡಿಯ ಹಿಂದೆ ಅಂತ ಅರ್ಥ. ಪ್ರದರ್ಶನಕ್ಕೊಂದು ಸಂಚಿಕೆ, ಪುಟ 38 ಗುಣಿಲೆ 28, ಒಳಗೆ ಹೊಲಿಗೆ ಇಲ್ಲ, ಬಿಡಿ ಹಾಳೆ, ಕೆಲವು ಲಿಥೋ ಜೋಡಿಪುಟ, ಅದಕ್ಕೇ ನಟ್ಟನಡು ಮಡಿಕೆ, ಅದಕ್ಕೇ ಹಿಂದೆ ಬರಹ. ಸಹಿನೂ ಇಲ್ಲ ನಂಬರೂ ಇಲ್ಲ, ಸಾವಿರಗಟ್ಟಲೆ ಪ್ರತಿ ಹೊಡೆದಿದ್ದು. ಲಕ್ಷ ಬರೂದಿಲ್ಲ ತಮಾ. ಆದ್ರೆ ಕಲ್ಲಿನ ಇಲ್ಲವೇ ಸತುವಿನ ಪ್ಲೇಟಿನ ಮೇಲಿಂದ ಇಳಿದು ಬಂದ ನಿಜವಾದ ಲಿಥೋ, ನಿಮ್ಮಾವ ಹಡಗು ನಿಂತ ಊರಲ್ಲಿ ಹಳೇ ಪುಸ್ತಕದಂಗಡಿಲಿ ಹೆಕ್ಕಿದ್ದಿರಬೇಕು. ಮಡಿಕೆ ಇಲ್ದಿದ್ರೆ ನಂಗೆ ಸಂಶಯ ಬರ್ತಿತ್ತು.

ಮಿರ್ಜಾನ್ ಕೋಟೆ, ಕುಮಟಾ:
ಒಂದು ತಿದ್ದುಪಡಿ, ಕಾಳಿನದಿಯವರೇ ಬೇಜಾರಾಗ್ಬೇಡಿ. ಆ ಪತ್ರಿಕೆ ಶುರುವಾಗುವಾಗ ಬ್ರಾಕ್ ಅರವತ್ತು ದಾಟಿದವ, 1911ರ ಕ್ಯೂಬಿಸಂ ಹಿಂದೆ ಬಿಟ್ಟು ಬಹಳ ಕಾಲ ಆಗಿತ್ತು. ಹೂಜಿ ನಿಂಬೆಹಣ್ಣು ಅದೇ ಮನೆತನದ್ದು, ಆದ್ರೆ ಲೇಬಲಲ್ಲಿ "ಕ್ಯೂಬಿಸ್ಟ್" ಅಂತ ಬರೀಬೇಡಿ, ಬ್ರಾಕ್ ಅಂತಷ್ಟೇ ಬರೀರಿ. ಮತ್ತೆ ಆ ಸಂಚಿಕೆಗಳಲ್ಲಿ ಬ್ರಾಕ್ ತಾನೇ ಮಾಡಿದ ಲಿಥೋನೂ ಇದೆ, ಅವನ ಚಿತ್ರ ನೋಡಿ ಅಚ್ಚಿನವರು ಮಾಡಿದ್ದೂ ಇದೆ. ಬ್ರಾಕ್ ಪ್ರಿಂಟುಗಳಿಗೆ ದೋರಾ ವಾಲಿಯೆ ಮಾಡಿದ ಪಟ್ಟಿಯಿದೆ, ವಿಯೋಂಗೆ ಜಿನೆಸ್ತೆ ಮತ್ತು ಪುಯೋಂ 1979ರಲ್ಲಿ ತಂದದ್ದು. ಪಟ್ಟಿಲಿ ಸಿಗದಿದ್ರೆ ಸುಮ್ನೆ ದಾಪ್ರೆ ಅಂತ ತಿಳ್ಕೊಳ್ಳಿ, ನಷ್ಟ ಇಲ್ಲ.

ಬನವಾಸಿ ಬಸ್ಸು:
ಹೊರದೇಶದಿಂದ ತರ್ಸಿದ್ರೆ ಕಸ್ಟಮ್ಸ್ ಹೇಗೆ? ಒಂದು ಪೊಚ್ವಾರ್ ಕಣ್ಣಿಗೆ ಬಿದ್ದಿದೆ, ಲೆಗರ್ ಚಿತ್ರದ್ದು.

ಕಾಳಿನದಿ, ಕಾರವಾರ:
ಪೊಚ್ವಾರ್ ಅಂದ್ರೆ ತಗಡು ಕತ್ತರಿಸಿ ಬ್ರಷ್ಷಲ್ಲಿ ಬಣ್ಣ ಒತ್ತೋದು, ನಮ್ಮ ರಂಗೋಲಿ ಅಚ್ಚಿನ ದೊಡ್ಡಣ್ಣ. ಅಂಚಲ್ಲಿ ಬಣ್ಣ ದಪ್ಪಗೆ ದಂಡೆ ಕಟ್ಟಿರ್ತದೆ, ಬ್ರಷ್ ಹೋದ ದಾರಿ ಕಾಣ್ತದೆ, ಫೋಟೋದಲ್ಲಿ ಅದನ್ನ ಹತ್ರದಿಂದ ಕೇಳಿ. ಪ್ಯಾರಿಸಲ್ಲಿ ದಾನಿಯೆಲ್ ಜಾಕೊಮೆ ಅಂತ ಇದರಲ್ಲೇ ಹೆಸರು ಮಾಡಿದವ ಇದ್ದ.

ಕಸ್ಟಮ್ಸಲ್ಲಿ 9702 ಅಂತ ಒಂದು ಕೋಡು, ಒರಿಜಿನಲ್ ಎಚ್ಚಿಂಗು ಲಿಥೋಗೆ. ಅದರ ಟಿಪ್ಪಣಿ ಏನು ಹೇಳ್ತದೆ ಅಂದ್ರೆ ಪ್ಲೇಟನ್ನ ಕಲಾವಿದನೇ ಪೂರ್ತಿ ಕೈಯಿಂದ ಮಾಡಿರಬೇಕು, ಮಷಿನ್ನು ಫೋಟೋ ವಿಧಾನ ಯಾವುದೂ ಸೇರಿರಬಾರ್ದು. ಬರೀ ಮುದ್ರಿತ ಚಿತ್ರ 4911ಕ್ಕೆ ಹೋಗ್ತದೆ. ಈಗ ವಿಯೋಂ ಕೈಯಿಂದ ಮಾಡಿದ ಬ್ರಾಕ್ ಚಿತ್ರದಲ್ಲಿ "ಕಲಾವಿದ" ಯಾರು? ನಾವು ಇಲ್ಲಿ ಎಂಟು ದಿನದಿಂದ ಕಚ್ಚಾಡ್ತಿರೋ ಪ್ರಶ್ನೆನ ಆ ಕೌಂಟರಲ್ಲಿ ಕೂತವ ಐದು ನಿಮಿಷದಲ್ಲಿ ತೀರ್ಮಾನ ಮಾಡ್ಬೇಕು ಪಾಪ. ಕಳ್ಸೋರ ಹತ್ರ ಬಿಲ್ಲಲ್ಲಿ ವಿಧಾನ, ಇಸವಿ, ಪ್ರತಿ ಸಂಖ್ಯೆ, ಅಚ್ಚು ಹಾಕಿದವರ ಹೆಸರು ಎಲ್ಲ ಬರ್ಸ್ಕೊಳ್ಳಿ, "ಪಿಕ್ಚರ್, ಒಂದು" ಅಂತ ಬರೆದ್ರೆ ಕೆಟ್ರಿ.

ಅಡಿಕೆಚಪ್ಪರ, ಶಿರಸಿ:
ಗ್ರಿಸ್ ಬಿಚ್ಚಿದೆ. ಕಥೆ ಕೇಳಿ. ಮಾವ ಯಾವ್ದೋ ಕಾಲದಲ್ಲಿ ಫ್ರೇಮ್ ಹಾಕೋಕೆ ಕೊಟ್ಟಿದ್ದ ಅಂಗಡಿಯವ ಚಿತ್ರನ ಹಿಂದಿನಿಂದ ಹಾರ್ಡ್‌ಬೋರ್ಡಿಗೆ ಬಿಳಿ ಗೋಂದು ಬಳಿದು ಪೂರ್ತಿ ಅಂಟಿಸಿಬಿಟ್ಟಿದ್ದಾನೆ, ಮುಂದೆ ಗಾಜು ಚಿತ್ರಕ್ಕೇ ತಾಗಿಸಿ ಕೂರ್ಸಿದ್ದಾನೆ. ಇಲ್ಲಿ ತಂದು ಪಡುಗೋಡೆಗೆ ಹಾಕಿ ಒಂದು ಮಳೆಗಾಲ ಆಗಿದೆ ಅಷ್ಟೇ, ಗಾಜಿಗೂ ಕಾಗದಕ್ಕೂ ನಡುವೆ ಬೂಸ್ಟು ಬಂದು ಗಿಟಾರಿನ ಅರ್ಧ ಗಾಜಿಗೇ ಕಚ್ಕೊಂಡು ಬಂತು. ಕೈಯೆಲ್ಲ ನಡುಗಿಹೋಯ್ತು ನಂಗೆ.

ಆಮೇಲೆ ಅಂಚಿಗೆ ಮಾತ್ರ ಇದ್ದ ತೆಳು ಮೌಂಟ್ ರಟ್ಟು ಎತ್ತಿದೆ. ಅಡಿಯಲ್ಲಿ ಮುಚ್ಚಿದ್ದ ಅಂಚಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು, ಕಾಪಿರೈಟ್ ಗುರುತು, 1978. ಲೂಪ್ ಇಟ್ಟೆ, ಹೂವೇ ಹೂವು.

ಮಿರ್ಜಾನ್ ಕೋಟೆ, ಕುಮಟಾ:
ಅಯ್ಯೋ. ಸತ್ತು 51 ವರ್ಷ ಆದ್ಮೇಲೆ ಪೆನ್ಸಿಲ್ ಹಿಡಿದಿದ್ದಾರೆ ಹಾಗಾದ್ರೆ.

ಯಾಣದ ಬಂಡೆ:
ಭಾವನ ಲಕ್ಷ ಹೋತು 😅

ಗೋಕರ್ಣದ ಗಾಳಿ:
ಬೇಜಾರು ಮಾಡ್ಕೋಬೇಡಿ. ಮಾವಂಗೆ ಗೊತ್ತಿತ್ತಾ ಅಂತ?

ಅಡಿಕೆಚಪ್ಪರ, ಶಿರಸಿ:
ಅದನ್ನೇ ಅತ್ತೆ ಹತ್ರ ಫೋನಲ್ಲಿ ಕೇಳ್ದೆ. ಫ್ರೇಮ್ ಹಾಕಿದ್ದು ಹಾಲಲ್ಲಿ ಯಾರು ಬಂದ್ರೂ ಕಾಣ್ಲಿ ಅಂತಂತೆ, ಸುತ್ತಿಟ್ಟಿದ್ದು ಮಾತ್ರ ವರ್ಷಕ್ಕೊಂದ್ಸಲ ತೆಗೆದು ಮಂಚದ ಮೇಲೆ ಬಿಡಿಸಿ ನೋಡಿ ಮತ್ತೆ ಒಳಗೆ ಇಡ್ತಿದ್ರಂತೆ. ಯಾರಿಗೂ ಮುಟ್ಟೋಕೆ ಕೊಡ್ತಿರ್ಲಿಲ್ಲವಂತೆ.

ಈಗ ಆ ಬ್ರಾಕ್‌ನ ಹೇಗೆ ಇಡೋದು ಹೇಳಿ. ಅಪ್ಪ ಅಡುಗೆ ಒಲೆ ಮೇಲಿನ ಅಟ್ಟಕ್ಕೆ ಹಾಕು, ಹೊಗೆ ತಾಗಿದ್ರೆ ಹುಳ ಬರೂದಿಲ್ಲ ಅಂತಾರೆ.

ಕಾಳಿನದಿ, ಕಾರವಾರ:
ಅಪ್ಪನ ಮಾತು ಬೆತ್ತದ ಬುಟ್ಟಿಗೆ ಸರಿ, ಕಾಗದಕ್ಕೆ ಬೇಡ, ಮಸಿ ಹಿಡೀತದೆ. ಡಾಂಬರು ಗುಳಿಗೆನೂ ಬೇಡ. ಕೊಳವೆಯಿಂದ ತೆಗೆದು ಎರಡು ಆಸಿಡ್ ಇಲ್ಲದ ರಟ್ಟಿನ ನಡುವೆ ಮಟ್ಟಸ ಮಲಗ್ಸು, ಕಪಾಟಿನ ಮೇಲಿನ ಖಾನೆಲಿ, ಗೋಡೆಗೆ ತಾಗದ ಹಾಗೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಂದ್ಸಲ ಬದಲು ಮಾಡು. ಈಗ ಫ್ರೇಮ್ ಹಾಕ್ಬೇಡ, ಈ ಹವೆಲಿ ಕಾಗದ ನೀರು ಕುಡ್ಕೊಂಡು ಕೂತಿದೆ, ಹಾಗೇ ಮುಚ್ಚಿದ್ರೆ ಒಳಗೇ ಬೂಸ್ಟು. ಅಡಿಕೆ ಕೊಯ್ಲು ಶುರುವಾಗಿ ಅಂಗಳ ಒಣಗಿದ ಮೇಲೆ, ಡಿಸೆಂಬರಲ್ಲಿ, ಹಾಕ್ಸು. ಮೇಲಂಚಿಗೆ ಮಾತ್ರ ಎರಡು ಜಪಾನಿ ಕಾಗದದ ಪಟ್ಟಿ, ಗಂಜಿ ಅಂಟು, ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ಮೌಂಟು, ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡು ಗೋಡೆಯಿಂದ ದೂರ ನಿಲ್ಲೋಕೆ. ಪಡುಗೋಡೆ ಬೇಡ್ವೇ ಬೇಡ, ಒಳಗಿನ ಗೋಡೆ.

ಗ್ರಿಸ್ ಇತ್ತಲ್ಲ, ಅದನ್ನ ಬಿಸಾಡ್ಬೇಡ. ಗಾಜಿಗೆ ಅರ್ಧ ಬೋರ್ಡಿಗೆ ಅರ್ಧ ಆಗಿದ್ದಲ್ಲ, ನಂಗೆ ಒಂದು ಫೋಟೋ ಕಳ್ಸು, ನೋಡ್ಬೇಕು.

ಅಡಿಕೆಚಪ್ಪರ, ಶಿರಸಿ:
ಕಳ್ಸಿದೆ. ಅಮ್ಮ ನೋಡಿ "ಈಗ ಮೊದ್ಲಿಗಿಂತ ಚಂದ ಕಾಣ್ತು" ಅಂದ್ಳು.

ಮಿರ್ಜಾನ್ ಕೋಟೆ, ಕುಮಟಾ:
ಅಮ್ಮನ್ನ ನನ್ನ ಕ್ಲಾಸಿಗೆ ಕಳ್ಸಿ ದಯವಿಟ್ಟು.

ಕಾಳಿನದಿ, ಕಾರವಾರ:
ಡಿಸೆಂಬರಲ್ಲಿ ಜಪಾನಿ ಕಾಗದ ನಾನೇ ತರ್ತೇನೆ, ನನ್ನ ಹತ್ರ ಉಳಿದಿದೆ. ಗಂಜಿ ನೀನು ಕಾಯ್ಸಿಡು, ಗಂಟು ಇರಬಾರ್ದು.